ಮೂರನೇ ಪ್ಯಾನೆಲ್ಲಿಗೆ ಐವತ್ತು ಸಹಿ

ಜನವರಿ 9, ಗುರುವಾರ

ವಾಕಿಂಗ್ ಆತು. ಕುವೈತಿನಾಗ ಈ ಸಲ ಥಂಡಿ ಭಾಳ. ನಮ್ಮ ಹವಲ್ಲಿ ಏರಿಯಾದ ಬೆಕ್ಕು ಎಲ್ಲಾ ಕಾರಿನ ಬಾನೆಟ್ ಮ್ಯಾಲೆ ಕುಂತು ಹೊಟ್ಟಿ ಕಾಸಿಕೊಳ್ಳಾಕತ್ತಿದ್ವು. ಬಿಪಿ ಗುಳಿಗಿ ನುಂಗಿದೆ. ಚಹಾಕ್ಕ ನನ್ನ ಹೆಂಡತಿ ನೀಲವ್ವ ಸಕ್ಕರಿ ಹಾಕಿರಲಿಲ್ಲ. ಆಕಿ ಬೆನ್ನು ತಿರುವಿದ ಕೂಡಲೇ ನಾನಽ ಹಾಕ್ಕೊಂಡೆ.

ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ನೋಟೀಸ್ ಬಿಟ್ಟೆ — ಫೆಬ್ರವರಿ 30ಕ್ಕ ವಿಶೇಷ ಸಭೆ, ಎಲ್ಲರೂ ತಪ್ಪದೆ ಬರಬೇಕು. ಹನ್ನೊಂದು ಮಂದಿ ಹೆಬ್ಬೆಟ್ಟು ಒತ್ಯಾರ. ಒಬ್ಬಾಂವ ಅವತ್ತು ಡ್ಯೂಟಿ ಐತಿ, ಕ್ಷಮಿಸ್ರಿ ಅಂತ ಬರದಾನ. ಅಧ್ಯಕ್ಷ ಅನಂತರಾಮು ಒಬ್ಬಾಂವಽ ಫೋನ್ ಮಾಡಿ ಬೈದಾಂವ. ಎಪ್ಪತ್ತೆರಡು ವರ್ಷ ಆಯ್ತು ನಿಮಗೆ, ಅಂದ. ಎಪ್ಪತ್ತೊಂದು, ಅಂದೆ. ಒಂದು ವರ್ಷ ಯಾಕ ಬಿಡ್ಲಿ.

ಜನವರಿ 10, ಶುಕ್ರವಾರ

ಬಸವಂತ ಬಂದಿದ್ದ. ಇಳಕಲ್ ಕಡ್ಯಾಂವ. ಸಬ್ಹಾನ್ ಫ್ಯಾಕ್ಟರಿಯಾಗ ವೆಲ್ಡಿಂಗ್ ಫೋರ್ಮನ್, ಹನ್ನೆರಡು ವರ್ಷದಿಂದ ಅಲ್ಲಿ ಕೆಲಸಗಾರರ ಕ್ಯಾಂಪಿನಾಗ ವಾಸ. ವಾರಕ್ಕ ಇದೊಂದು ಸೂಟಿ. ನೀಲವ್ವನ ಜ್ವಾಳದ ರೊಟ್ಟಿಗೆ ಬರತಾನ. ಇವತ್ತು ರೊಟ್ಟಿ ಮುರೀಲಿಲ್ಲ. ಕಾಕಾ, ಈ ಸಲ ಎಲೆಕ್ಷನ್ನಿಗೆ ನಾ ನಿಂದರತೀನಿ ಅಂದ.

ನಮ್ಮ ಕನ್ನಡ ಬಳಗದಾಗ ಇರೂವು ಎರಡಽ ಪ್ಯಾನೆಲ್. ಬ್ಯಾಂಕು-ಐಟಿಯವರದು ಒಂದು, ಅನಂತರಾಮು ಅದರ ಯಜಮಾನ. ಎಂಜಿನಿಯರ್ ಮಂದಿದು ಇನ್ನೊಂದು. ಎರಡು ವರ್ಷ ಇವರು ಕೂಡೂದು, ಎರಡು ವರ್ಷ ಅವರು ಕೂಡೂದು. ಕ್ಯಾಂಪಿನವರು ಚಪ್ಪಾಳಿ ತಟ್ಟೂದು. ಮೂರನೇದ್ದು ಯಾವತ್ತೂ ಇದ್ದಿಲ್ಲ.

ಬಸವಂತಗ ಯಾಕ ಈ ಹಠ ಅಂದ್ರ — ಹ್ವಾದ ಜೂನಿನಾಗ ಅವನ ರೂಮ್‌ಮೇಟ್ ಏಣಿ ಮ್ಯಾಲಿಂದ ಬಿದ್ದ. ಬಸವಂತ ಬಳಗದ ಸಹಾಯದ ನಂಬರಿಗೆ ಒಂಬತ್ತು ಸಲ ಫೋನ್ ಮಾಡ್ಯಾನ. ಹತ್ತನೇ ಸಲಕ್ಕ ಎತ್ತಿ, ಇಮೇಲ್ ಕಳಸ್ರಿ ಅಂದ್ರಂತ. ದವಾಖಾನಿಯಾಗ ಅರಬ್ಬಿಯೊಳಗ ಮಾತಾಡಿ ತಿಳಿಸಾವರಿಲ್ಲದ ಎರಡು ದಿನ ಹಂಗಽ ಹ್ವಾದ್ವು. ಮುರದ ಕೈ ಸೊಟ್ಟ ಕೂಡ್ತು. ಈಗ ಊರಾಗ ಎಡಗೈಲೆ ಉಣತಾನ.

ಬಸವಂತ ಕೇಳೂದು ಒಂದಽ. ಆ ಫೋನು ಕ್ಯಾಂಪಿನಾಗ ಇರಾವನೊಬ್ಬನ ಕಿಸೆದಾಗ ಇರಬೇಕು. ಕಮಿಟಿಯೊಳಗ ಹೋಗದ ಅದು ಆಗೂದಿಲ್ಲ.

ನಾಮಪತ್ರದ ಫಾರ್ಮು ತಂದಿದ್ದ. ಹಿಂದ ಬಳಗದ ಬೈಲಾ ಅಚ್ಚಾಗೇತಿ. ಬೈಲಾ... ಬೈಯಲಾ ಅಂದೆ. ನಗಲಿಲ್ಲ. ಓದಿದೆ. ಹಳೇ ಎರಡು ಪ್ಯಾನೆಲ್ಲಿಗೆ ಬರೇ ಹೆಸರು ಕೊಟ್ರ ಸಾಕು. ಹೊಸಬರಿಗೆ ಐವತ್ತು ಸಹಿ. ಸಹಿ ಹಾಕಾವರು ಇಲ್ಲಿ ಫ್ಯಾಮಿಲಿ ಇಟ್ಟಿರೂ ಸದಸ್ಯರಽ ಆಗಿರಬೇಕು. ಆಫೀಸಿಗೆ ಖುದ್ದ ಬರಬೇಕು. ಭಾನುವಾರ, ಮುಂಜಾನೆ ಹತ್ತರಿಂದ ಹನ್ನೆರಡು.

ಭಾನುವಾರ ಅಂತ! ಇಲ್ಲಿ ಭಾನುವಾರ ಅಂದ್ರ ವಾರದ ಡ್ಯೂಟಿ ಸುರು. ಯಾವನೋ ಶ್ಯಾಣ್ಯಾ ಊರಿನ ಕ್ಯಾಲೆಂಡರ್ ನೋಡಿಕೋತ ಬರದಾನ. ನಿಯಮ ಅಂದ್ರ ನೀ ಯಮ ಅಂತ ತಿಳಕೊಂಡಾನ. ಸಿಕ್ರ ಅವನ ಕುರ್ಚಿಗೆ ಅಂಟು ಹಚ್ಚತೀನಿ.

ನೀಲವ್ವ ಅಂದ್ಲು — ಮದಲ ರೊಟ್ಟಿ ತಿನ್ರಿ, ಆಮ್ಯಾಲೆ ರಾಜ್ಯಾ ಆಳ್ರಿ.

ಜನವರಿ 17, ಶುಕ್ರವಾರ

ವಾರಿಡೀ ಸಹಿ ಕೇಳಿಕೋತ ಹವಲ್ಲಿ ಬಿಲ್ಡಿಂಗ್ ಹತ್ತಿ ಇಳದೇವಿ. ಅರ್ಧಕ್ಕರ್ಧ ಲಿಫ್ಟ್ ಕೆಟ್ಟಾವ. ಮೊಣಕಾಲು ಮಾತಾಡಾಕತ್ತಾವ, ನನ್ನಕಿಂತ ಜೋರಾಗಿ.

ಎಲ್ಲಾರೂ ಹೂಂ ಅಂತಾರ. ಚಹಾ ಕೊಡತಾರ. ಭಾನುವಾರ ಅಂದ ಕೂಡಲೇ ಮಾರಿ ಸಣ್ಣ ಆಕ್ಕೈತಿ. ಪ್ರವೀಣನೂ ಹಂಗಽ — ಅಪ್ಪಾ, ಸಂಡೇ ನಂಗ ಮೀಟಿಂಗ್. ಹೆತ್ತ ಮಗ. ಮದಲ ಅಂವ ನನ್ನ ಇಕಾಮಾ, ಅಂದ್ರ ವಾಸದ ಪರವಾನಗಿ ಮ್ಯಾಲೆ ಇದ್ದ, ಈಗ ನಾ ಅವನ ಇಕಾಮಾದ ಮ್ಯಾಲೆ. ಜೋರು ಮಾಡಾಕ ಬರೂದಿಲ್ಲ.

ಜನವರಿ 19, ಭಾನುವಾರ

ಒಂಬತ್ತು.

ಐವತ್ತಕ್ಕ ಒಂಬತ್ತು. ಅದರಾಗ ನಂದೊಂದು.

ಚುನಾವಣಾಧಿಕಾರಿ ವೈಲೆಟ್. ಮಂಗಳೂರಿನಾಕಿ, ಮೂವತ್ತು ವರ್ಷ ನರ್ಸ್ ಆಗಿದ್ಲು, ಯಾವ ಪ್ಯಾನೆಲ್ಲಿಗೂ ಸೇರಿದಾಕಿ ಅಲ್ಲ. ಕ್ಯಾಂಪಿನಿಂದ ಮೂರು ಮಂದಿ ಜ್ವರ ಅಂತ ಸುಳ್ಳ ಹೇಳಿ ಬಂದಿದ್ರು. ಅವರು ಬ್ಯಾಚುಲರ್ ಸದಸ್ಯರು, ಸಹಿ ನಡಿಯೂದಿಲ್ಲ. ಊರಾಗ ಹೆಂಡತಿ ಮಕ್ಕಳು ಇದ್ದಾವರು, ಬೈಲಾದಾಗ ಬ್ಯಾಚುಲರ್. ಗೋಡಿಗೆ ಬೆನ್ನು ಹಚ್ಚಿ ನಿಂತು ನೋಡಿದ್ರು.

ಹನ್ನೆರಡಾತು. ವೈಲೆಟ್ ಬುಕ್ ಮುಚ್ಚಲಿಲ್ಲ. ಐದು ನಿಮಿಷ ಹಂಗಽ ಬಾಗಿಲ ಕಡೆ ನೋಡಿಕೋತ ಕುಂತ್ಲು. ಆಮ್ಯಾಲೆ, ನನ್ನ ಕೈಯಲ್ಲಿ ಎಂತದೂ ಇಲ್ಲ ಮಾರಾಯ್ರೆ ಅಂತ ಎದ್ಲು.

ಬಸವಂತ ಫಾರ್ಮು ನಾಕು ಮಡಿಕಿ ಮಾಡಿದ. ಖಲಾಸ್ ಕಾಕಾ, ಅಂದ. ಅಷ್ಟಽ.

ಜನವರಿ 20, ಸೋಮವಾರ

ಜಗಳಾಡಾಕ ಸಿಟಿಗೆ ಹ್ವಾದೆ, ಅನಂತರಾಮುನ ಬ್ಯಾಂಕಿಗೆ. ದಾರಿಯೊಳಗ ನಾಕು ಛಲೋ ಮಾತು ಜೋಡಿಸಿ ಇಟಗೊಂಡಿದ್ದೆ. ಆ ಮನಷಾ ಪಾಪ ಎದ್ದು ನಿಂತು ಕುರ್ಚಿ ಕೊಟ್ಟ. ಯಾವ ಮೂರ್ಖ ಬರದಾನ್ರಿ ಇದನ್ನ, ಅಂದೆ. ಅಂವ ಕಪಾಟಿನಿಂದ ಹಳೇ ಫೈಲ್ ತಗದು ನನ್ನ ಕಡೆ ತಿರುವಿದ.

"ಕರಡು ಮಾಡಿದವರ ಹೆಸರು ಕೆಳಗಿದೆ, ಸಂಗಪ್ಪನವರೇ. ನೀವೇ ಓದಿಕೊಳ್ಳಿ."

1996. ನನ್ನ ಸಹಿ. ಆಗಿನ ಸ್ಟೈಲು — ಕೆಳಗ ಎರಡು ಗೆರಿ, ಎರಡು ಚುಕ್ಕಿ.

ಬಸ್ಸಿನಾಗ ಇಳಿಯೂ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದ ಹ್ವಾದೆ.

ಜನವರಿ 25, ಶನಿವಾರ

ಐದು ದಿನ ಬರೀಲಿಲ್ಲ. ಬಸವಂತ ಎರಡು ಸಲ ಫೋನ್ ಮಾಡ್ಯಾನ. ಎತ್ತಲಿಲ್ಲ. ನಾನೂ ಇಮೇಲ್ ಕಳಸು ಅನ್ನಬೇಕಾಗಿತ್ತು...

ಎಲ್ಲಾ ನೆನಪಾತು. ಬರದಽ ಬಿಡತೀನಿ.

ಆಗ ನಾ ಕಾರ್ಯದರ್ಶಿ. ಬೊನವೆಂಚರ್ ಅಂತ ಒಬ್ಬಾಂವ ಇದ್ದ, ಮಂಗಳೂರ ಕಡೆ ಟೇಲರ್. ಅಂವನೂ ಸಬ್ಹಾನ್ ಕ್ಯಾಂಪ್. ಎಲೆಕ್ಷನ್ನಿಗೆ ನಿಂದರತೀನಿ ಅಂದ. ಅವನ ಕಾಲು ಎಳೀಬೇಕಂತ ಒಂದು ಸಂಜಿ ಕುಂತು ಟೈಪ್ ಮಾಡಿದೆ. ಐವತ್ತು ಸಹಿ. ಸಾಲದು, ಫ್ಯಾಮಿಲಿ ಇದ್ದಾವರದು. ಸಾಲದು, ಖುದ್ದ ಬಂದು. ಭಾನುವಾರ ಅಂತೂ ಕಡೀಕ ಹೊಳೀತು. ಊರಿನ ಕ್ಯಾಲೆಂಡರ್ ನೋಡಿ ಬರದದ್ದಲ್ಲ. ಗೊತ್ತಿದ್ದಽ ಹಾಕಿದೆ. ಅದಽ ಹೆಚ್ಚಿನ ಚ್ಯಾಷ್ಟಿ ಅಂತ ಒಬ್ಬನಽ ನಕ್ಕಿದ್ದೆ.

ಸಭಾದಾಗ ಓದತೀನಿ, ಎಲ್ಲಾರೂ ಹೊಟ್ಟಿ ಹಿಡಕೊಂಡು ನಗತಾರ, ಹರದು ಒಗೀತೀನಿ. ಇದು ಪ್ಲ್ಯಾನು. ಓದಿದೆ. ಯಾರೂ ನಗಲಿಲ್ಲ. ಛಲೋ ಐತಿ, ಶಿಸ್ತು ಬರತೈತಿ ಅಂದ್ರು. ಕೈ ಎತ್ತಿದ್ರು. ಪಾಸ್. ಜೋಕು ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ. ಮುಂದ ಏನಾಕ್ಕೈತಿ ನೋಡೂನು ಅಂತ ಮಜಾ ತಗೊಂಡೆ. ಬೊನವೆಂಚರ್ ಒಂದು ತಿಂಗಳು ತಿರುಗ್ಯಾಡಿದ. ಆಮ್ಯಾಲೆ ಬಳಗಕ್ಕ ಬರೂದು ಬಿಟ್ಟ. ನಾ ಮರತೆ. ಎಷ್ಟು ಚ್ಯಾಷ್ಟಿ ಅಂತ ನೆನಪು ಇಟಗೊಳ್ಳೂದು.

ನೀಲವ್ವಗ ಹೇಳಿದೆ. ಬಟಾಣಿ ಸುಲಿಯೂದು ನಿಂದರಸಲಿಲ್ಲ. "ನನಗ ಹೇಳಿ ಏನ್ ಬಂತು. ಅವನಿಗೆ ಹೇಳ್ರಿ."

ಜನವರಿ 27, ಸೋಮವಾರ

ವೈಲೆಟ್ ನಂಬರ್ ಹುಡುಕಿ ಕೊಟ್ಲು. ಬೊನವೆಂಚರ್ ಈಗ ಊರಾಗ ಅದಾನ, ಸ್ವಂತ ಹೊಲಿಗಿ ಅಂಗಡಿ. ಹಿಂದ ಮಿಷಿನ್ ಸಪ್ಪಳ ಕೇಳತಿತ್ತು. ನನ್ನ ಹೆಸರು ಹೇಳಿದೆ. ಸಪ್ಪಳ ನಿಂತ್ತು.

ಎಲ್ಲಾ ಹೇಳಿದೆ, ಒಂದಽ ಉಸಿರಿನಾಗ. ಗೊತ್ತುಂಟು, ಅಂದ. ಅಂಥದ್ದು ಬರೀಲಿಕ್ಕೆ ಇಡೀ ಕುವೈತಲ್ಲಿ ನಿನ್ನ ಬಿಟ್ರೆ ಯಾರಿದ್ರು ಅಂದ. ಅವನಿಗೆ ಇಪ್ಪತ್ತೆರಡು ಸಹಿ ಆಗಿದ್ವಂತ. ಯಾರ್ಯಾರು ರಜಾ ಹಾಕಿ ಬಂದಿದ್ರು, ಇನ್ನೂ ಹೆಸರು ಹೇಳತಾನ. ಹೇಳಿದ. ಕೇಳಿದೆ.

ಕ್ಷಮಿಸು ಅಂದೆ.

"ನಂಗೆ ಹೇಳಿ ಎಂತ ಮಾಡ್ಲಿಕ್ಕುಂಟು ಮಾರಾಯ. ಸಭೆಯಲ್ಲಿ ಹೇಳು. ಮತ್ತೆ ಅಲ್ಲಿ ನಗಿಸ್ಲಿಕ್ಕೆ ಹೋಗ್ಬೇಡ."

ಅದಽ ಕಷ್ಟ.

ಜನವರಿ 28, ಮಂಗಳವಾರ

ನನ್ನಂಥಾ ಸ್ಥಾಪಕ ಸದಸ್ಯ ಕೇಳಿದ್ರ ಹತ್ತು ದಿನದಾಗ ವಿಶೇಷ ಸಭೆ ಕರೀಬೇಕಂತ ಅದಽ ಬೈಲಾದಾಗ ಐತಿ. ಅದನ್ನೂ ನಾನಽ ಬರದದ್ದು. ಆವತ್ತು ಒಂದಾದರೂ ನೆಟ್ಟಗ ಬರದೇನಿ.

ಗ್ರೂಪಿಗೆ ಹಾಕಿದೆ — ಫೆಬ್ರವರಿ 7, ಶುಕ್ರವಾರ, ಬೈಲಾ ತಿದ್ದುಪಡಿ. ಎಲ್ಲಾರೂ ನಗೂ ಮುಖ ಹಾಕ್ಯಾರ. ಒಬ್ಬಾಂವ, ಕಾಕಾ ಈ ಸಲ 31 ಹಾಕಬೇಕಾಗಿತ್ತು ಅಂದ. ನಿಜ ಅಂತ ಎಷ್ಟು ಬರದ್ರೂ ಮತ್ತೂ ನಗತಾರ.

ಸಂಜಿಮುಂದ ಅನಂತರಾಮು ಬರದ — ಇದು ತಮಾಷೆಯಲ್ಲ. ತಿದ್ದುಪಡಿಗೆ ನನ್ನ ವಿರೋಧ ಇದೆ. ಆದರೂ ಎಲ್ಲರೂ ಬನ್ನಿ.

ನಗು ನಿಂತ್ತು. ಇಂಥಾ ವಿರೋಧಿ ಸಿಗೂದೂ ಪುಣ್ಯ.

ಬಸವಂತಗ ಫೋನ್ ಮಾಡಿ ನಾ ಮಾಡಿದ್ದು ಹೇಳಿದೆ. ಬೈಲಿ ಅಂತ ಕಾದೆ. ಶುಕ್ರವಾರ ಬಸ್ಸು ಮಾಡಿಸಲೇನು ಕಾಕಾ, ಅಂತ ಕೇಳಿದ.

ಫೆಬ್ರವರಿ 7, ಶುಕ್ರವಾರ

ಮನಿಗೆ ಬಂದು ಬೂಟು ಬಿಚ್ಚದಽ ಬರ್ಯಾಕ ಕುಂತೀನಿ. ಅಕ್ಷರ ಸೊಟ್ಟ. ಇರಲಿ.

ತೊಂಬತ್ತಾರು ಮಂದಿ. ಮೂರರಾಗ ಎರಡು ಪಾಲು ಬೇಕು, ಅಂದ್ರ ಅರವತ್ನಾಕು. ಕ್ಯಾಂಪಿನವರಿಗೆ ಸಹಿ ಹಾಕಾಕ ಬರೂದಿಲ್ಲ, ಆದ್ರ ಸಭಾದಾಗ ಕೈ ಎತ್ತಾಕ ಬರತೈತಿ. ಬೈಲಾದಾಗ ಅಷ್ಟು ಬಿಟ್ಟಿದ್ದೆ. ಇಪ್ಪತ್ತೊಂಬತ್ತು ಮಂದಿ ಬಂದಿದ್ರು. ಕುರ್ಚಿ ಖಾಲಿ ಇದ್ರೂ ಹಿಂದ ನಿಂತಿದ್ರು.

ನಾ ಎದ್ದ ಕೂಡಲೇ ಮುಂದಿನ ಸಾಲು ನಗಾಕ ತಯಾರಾತು. ಹೇಳಿದೆ. ಬೊನವೆಂಚರ್, ಟೈಪ್‌ರೈಟರ್, ಭಾನುವಾರ. ನಡುವ ಮೂರು ಸಲ ನಾಲಿಗಿ ತುದಿಗೆ ಚ್ಯಾಷ್ಟಿ ಮಾತು ಬಂದು ಕುಣೀತು. ನುಂಗಿದೆ. ಇಬ್ಬರು ನಕ್ರು, ಆಮ್ಯಾಲೆ ಅವರೂ ಸುಮ್ಮನಾದ್ರು. ಪ್ರವೀಣ ನೆಲ ನೋಡಾಕತ್ತಿದ್ದ. ನಾ ಕೇಳಿದ್ದು — ಹದಿನೈದು ಸಹಿ ಸಾಕು, ಯಾವ ಸದಸ್ಯ ಹಾಕಿದ್ರೂ ನಡೀಬೇಕು, ಶುಕ್ರವಾರ, ಅವರಿದ್ದಲ್ಲೇ ಹೋಗಿ ತಗೋಬೇಕು. ಈ ಎಲೆಕ್ಷನ್ನಿಗೇ.

ಅನಂತರಾಮು ಎದ್ದ. ಸಿಟ್ಟಿಲ್ಲ, ಅವನ ಮಾತಿನಾಗೂ ಅರ್ಥ ಐತಿ. "ಬಾಗಿಲು ತೆಗೆದರೆ ಹತ್ತು ಪ್ಯಾನೆಲ್ ಬರುತ್ತವೆ. ಬ್ಯಾಲಟ್ ಪೇಪರ್ ಚಾಪೆಯಷ್ಟಾಗುತ್ತೆ."

ಹಿಂದಿನಿಂದ ಬಸವಂತ ಅಂದ, "ಆಗ್ಲಿ ಬಿಡ್ರಿ ಸರ್. ಹಾಸಿಕೊಂಡು ಕುಂತು ಓದತೀವಿ."

ಆಗ ನಕ್ರು ನೋಡು. ಇಡೀ ಹಾಲು. ಅನಂತರಾಮೂ ನಕ್ಕ. ನನಗ ಹೊಟ್ಟಿಕಿಚ್ಚಾತು — ಇಂಥಾದ್ದು ನನಗ ಯಾಕ ಹೊಳೀಲಿಲ್ಲ.

ವೈಲೆಟ್ ಎರಡು ಸಲ ಎಣಿಸಿದ್ಲು. ಅರವತ್ತೇಳು. ಅನಂತರಾಮು ಕೈ ಎತ್ತಲಿಲ್ಲ, ಚಹಾ ಮಾತ್ರ ತಂದುಕೊಟ್ಟ. ಸಕ್ಕರಿ ಇದ್ದ ಚಹಾ. ನೀಲವ್ವ ನೋಡಿದ್ರೂ ಕಪ್ಪು ಕಸಗೊಳ್ಳಲಿಲ್ಲ. ಪ್ರವೀಣ ಕೈ ಎತ್ತಿದ್ದ, ನಾ ನೋಡೇನಿ. ಕಾರಿನಾಗ ಕುಂತ ಕೂಡಲೇ, ಬೆಲ್ಟ್ ಹಾಕ್ಕೋ ಅಪ್ಪಾ, ಅಂದ.

ಬೊನವೆಂಚರ್‌ಗ ಮೆಸೇಜ್ ಕಳಿಸಿದೆ. ಎರಡು ನೀಲಿ ಗೆರಿ ಬಿದ್ವು. ಉತ್ತರ ಇಲ್ಲ.

ಫೆಬ್ರವರಿ 14, ಶುಕ್ರವಾರ

ಸಬ್ಹಾನ್‌ದಾಗ ಸಭಾ. (ಇವತ್ತು ಚ್ಯಾಷ್ಟಿ ಮಾಡಬಹುದು. ಬೊನವೆಂಚರ್ ಹೇಳಿದ್ದು ಆ ಸಭಾಕ್ಕ ಮಾತ್ರ.)

ಕ್ಯಾಂಪಿನ ಅಡಗಿ ಮನಿ ಟೇಬಲ್ ಒರಸಿ, ಪೇಪರ್ ಹಾಸಿ, ವೈಲೆಟ್ ಕುಂತ್ಲು. ಮೂಲ್ಯಾಗ ಸಾರು ಕುದೀತಿತ್ತು. ಹದಿನೈದು ಸಹಿಗೆ ಹನ್ನೊಂದು ನಿಮಿಷ. ಸಾಕು ಅಂದ್ಲು. ಸಾಲು ಕದಲಲಿಲ್ಲ. ಸಾಕಲ್ಲ ಮಾರಾಯ್ರೆ ಅಂದ್ಲು. ಒಬ್ಬಾಂವ, ನಂದೂ ಇರಲಿ ಮೇಡಂ, ಇಲ್ಲಿ ಇಷ್ಟು ವರ್ಷ ಗೇಟ್ ರಿಜಿಸ್ಟರ್ ಬಿಟ್ಟು ಯಾವುದಕ್ಕೂ ಸಹಿ ಹಾಕಿಲ್ಲ ಅಂದ. ಪಾಪ ಆಕಿ ಇನ್ನೊಂದು ಹಾಳಿ ತಗದ್ಲು. ನಲವತ್ತೊಂದು.

ಫಾರ್ಮ್ ಸ್ವೀಕಾರ ಅಂತ ಬರದು ಸೀಲ್ ಹೊಡದ್ಲು. ಕ್ರಮಸಂಖ್ಯೆ ಮೂರು. ಬಸವಂತ ಅದನ್ನ ಓದಿದ, ಮತ್ತ ಓದಿದ. ಮಡಿಚಲಿಲ್ಲ. ಎರಡೂ ಕೈಲೆ ಹಿಡಕೊಂಡಽ ನಿಂತಿದ್ದ.

ರೂಮಿಗೆ ಹೋಗಿ ಊರಿಗೆ ಫೋನ್ ಹಚ್ಚಿದ. ಸೊಟ್ಟ ಕೈಯಾಂವಗ.

ಫೆಬ್ರವರಿ 21, ಶುಕ್ರವಾರ, ಮುಂಜಾನೆ ಹನ್ನೊಂದೂವರಿ

ಓಟಿನ ಪಾಳಿಯೊಳಗ ನಿಂತು ಬರ್ಯಾಕತ್ತೀನಿ, ಗೋಡಿಗೆ ಡೈರಿ ಒತ್ತಿ. ಪ್ರತಿ ಸಲ ಎಂಬತ್ತು ಮಂದಿ ಬಂದ್ರ ಹೆಚ್ಚು. ಇವತ್ತು ಪಾಳಿ ಹಾಲ್ ದಾಟಿ, ಗೇಟ್ ದಾಟಿ ಪಾರ್ಕಿಂಗಿಗೆ ಹೋಗೇತಿ. ಸಬ್ಹಾನ್ ಬಸ್ಸು ಎರಡು ಟ್ರಿಪ್ ಆತು, ಮೂರನೇದ್ದಕ್ಕ ಹೋಗೇತಿ. ಹವಲ್ಲಿ ಮಂದಿನೂ ಹೆಚ್ಚ್ಯಾರ, ಏನ್ ನಡದೈತಿ ನೋಡಾಕ ಬಂದಾವರು ಪಾಳಿಗೆ ನಿಂತಾರ. ಅನಂತರಾಮು ನನ್ನ ಮುಂದ. ಬೇಕಾದ್ರೆ ಮುಂದೆ ಬನ್ನಿ ಅಂದ. ಬ್ಯಾಡ್ರಿ, ನಿಮ್ಮ ಹಿಂದ ನಿಂತ್ರ ನೀವು ಎತ್ತ ಕಡೆ ಗುರುತು ಹಾಕತೀರಿ ಕಾಣತೈತಿ ಅಂದೆ.

ಯಾರು ಗೆಲ್ಲತಾರ ಗೊತ್ತಿಲ್ಲ. ಎಂಜಿನಿಯರ್ ಮಂದಿ ಗಟ್ಟಿ ಅದಾರ. ಬಸವಂತ ಹೊಸಾ ಅಂಗಿ ಹಾಕ್ಕೊಂಡು ಗೇಟಿನಾಗ ನಿಂತಾನ, ಯಾರಿಗೂ ಏನೂ ಕೇಳವಲ್ಲ, ಬರಾವರಿಗೆ ನೀರಿನ ಬಾಟ್ಲಿ ಕೊಡಾಕತ್ತಾನ. ಅದು ಪ್ರಚಾರ ಆಗತೈತಿ ಅಂತ ವೈಲೆಟ್ ಈಗಽ ಬೈದು ಹ್ವಾದ್ಲು. ಈಗ ಅನಂತರಾಮುನೂ ಪಾಳಿ ಬಿಟ್ಟು ಹೋಗಿ ಬಾಟ್ಲಿ ಹಿಡದಾನ, ಎದುರಾಳಿನೂ ಹಂಚಿದ್ರ ಪ್ರಚಾರ ಆಗೂದಿಲ್ಲಂತ, ಬಿಸಿಲಿಗೆ ನಿಂತಾವರಿಗೆ ಇಬ್ಬರೂ ಕೂಡೇ ಹಂಚಾಕತ್ತಾರ.

ಬ್ಯಾಲಟ್ ಪೇಪರ್ ನೋಡಿದೆ. ಬಾಗಿಲಿಗೆ ಒಂದು ಮಾದರಿ ಹಚ್ಚ್ಯಾರ. ಮೂರು ಹೆಸರು, ಮೂರು ಚೌಕ. ಚಾಪಿಯಷ್ಟೇನ್ ಆಗಿಲ್ಲ. ಮೂರನೇ ಚೌಕದ ಮುಂದ—

ಒಳಗ ಏನೋ ಗದ್ದಲ. ವೈಲೆಟ್ ಬರಾಕತ್ತಾಳ. ಬೂತಿನಾಗ ಇಟ್ಟಿದ್ದ ಪೆನ್ನು ಎರಡೂ ಖಾಲಿ ಆದ್ವಂತ, ಇಷ್ಟು ಮಂದಿ ಬರತಾರ ಅಂತ ಯಾರು ತಿಳಿದಿದ್ರು ಅಂತಾಳ. ಪಾಳಿ ನಿಂತೈತಿ. ಎಲ್ಲಾರೂ ಕಿಸೆ ತಡಕಾಡಾಕತ್ತಾರ, ಎಲ್ಲಾರ ಕಿಸೆದಾಗೂ ಬರೇ ಫೋನು. ಆಕಿ ನನ್ನ ಕೈ ನೋಡಿದ್ಲು. "ಸಂಗಪ್ಪಣ್ಣ, ಆಮೇಲೆ ಬರೀರಿ, ಇಲ್ಲಿ ಕೊಡಿ ಪೆನ್ನು—" ಒಂದು ಸಾಲು ಐತಿ ತಡಿ, ಬಸವಂತನ ಹೆಸರಿನ ಮುಂದ ಇನ್ನ ಬೀಳೂ ಗುರುತು ನನ್ನ ಪೆನ್ನಿನ್ಲೆ ಬಿದ್ರ, 1996ರಾಗ ಇದಽ ಕೈಲೆ ಬರದದ್ದು—