ಕಾಕಾ ತಿದ್ದುತ್ತಿದ್ದ ತೊಂಬತ್ತೊಂಬತ್ತು

ಸೋಮವಾರ, 17 ನವೆಂಬರ್

ಇವತ್ತು ಡ್ರಿಲ್ ಜೊತೆ ನನ್ನ ಸೊಕ್ಕೂ ಮುರಿಯಿತು.

ಕಂಪ್ಯೂಟರಿನ ಡಿಸೈನನ್ನು ಮೆಷಿನ್ನಿನ ಕೋಡ್ ಆಗಿ ಬದಲಿಸುವ ಪೋಸ್ಟ್ ಪ್ರೊಸೆಸರ್ ಸಾಫ್ಟ್‌ವೇರನ್ನು ಹೊಂದಿಸಿದ್ದು ನಾನು; ಅದರಿಂದ ಬಂದ ಪ್ರೋಗ್ರಾಂ ಒಮ್ಮೆಯೂ ತಪ್ಪಿಲ್ಲ ಎಂದು ಮೂರು ವರ್ಷದಿಂದ ರಾಯಾಪುರದ ವರ್ಕ್‌ಶಾಪಿನಲ್ಲಿ ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದೇನೆ. ಇವತ್ತು ನಮ್ಮ ಆಪರೇಟರ್ ಕಮರುದ್ದೀನ ಕಾಕಾ ಅಣ್ಣನ ಮಗಳ ಮದುವೆಗೆ ಹೋಗಿದ್ದರು. ಮೆಷಿನ್ ನಾನೇ ಚಾಲೂ ಮಾಡಿದೆ. ಡ್ರಿಲ್ ಮೊದಲ ತೂತು ಕೊರೆದು, ಬರೀ ಮೂರು ಮಿಲಿಮೀಟರ್ ಮೇಲೆದ್ದು, ನೆಟ್ಟಗೆ ಮುಂದಿನ ತೂತಿಗೆ ಹೊರಟಿತು. ನಡುವೆ ಲೋಹದ ತುಂಡನ್ನು ಬಿಗಿಹಿಡಿದಿದ್ದ ಕ್ಲ್ಯಾಂಪ್ ಇತ್ತು.

ಕಾಕಾಗೆ ಫೋನ್ ಮಾಡಿದೆ. ಹಿಂದೆ ಬಿರಿಯಾನಿ ಬಡಿಸುವ ಗದ್ದಲ.

"ಪ್ರೋಗ್ರಾಂನ್ಯಾಗ ಜಿ 99 ಕೋಡ್ ಇತ್ತೇನ್ರಿ ಮೇಡಂ? ನಾ ದಿನಾ ಅದನ್ನ ಕೈಲೆ 98 ಮಾಡತಿದ್ದೆ. ಆಗ ಡ್ರಿಲ್ ಕ್ಲ್ಯಾಂಪ್ ದಾಟೂವಷ್ಟು ಮ್ಯಾಲೆ ಏಳತೈತ್ರಿ."

"ಮೂರು ವರ್ಷ ಯಾಕ ಹೇಳಲಿಲ್ರಿ ಕಾಕಾ?"

ಕಾಕಾ ಗದ್ದಲದಿಂದ ಆಚೆ ಬಂದರು.

"ನೀವು ಭಾಳ ಖುಷಿಲೆ ಇದ್ರಿ. ಹೆಂಗ ಹೇಳೂದು?"

ಸಂಜೆಯೇ ಪೋಸ್ಟ್ ಪ್ರೊಸೆಸರ್ ಸರಿಮಾಡಿದೆ. ಇನ್ನು ಮೇಲೆ 98 ತಾನಾಗಿಯೇ ಬರುತ್ತದೆ.

ಇದೊಂದನ್ನೇ ತಿದ್ದುತ್ತಿದ್ದರಾ, ಇನ್ನೂ ಏನಾದರೂ ಇದೆಯಾ ಎಂದು ನಾನು ಕೇಳಲಿಲ್ಲ. ಕಾಕಾನೂ ಹೇಳಲಿಲ್ಲ.