ಬೀರುವಿನ ಹಿಂದೆ ಸಿಕ್ಕಿದ ಮೂರನೇ ಭಾಗ

ಬೀರೇಶ,

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು. ನಲ್ಲಿಯಲ್ಲಿ ನೀರು ಬಂದರೆ ಡ್ರಮ್ ತುಂಬಿಸು, ಅಮ್ಮನಿಗೆ ಸೊಂಟ ನೋವು.

ಬೀರುವಿನ ಹಿಂದೆ ನೀನು ಬಚ್ಚಿಟ್ಟಿದ್ದ ಜೋಂಬಿ ಆಟದ ಸೀಡಿ ಸಿಕ್ಕಿತು. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಆಡಿದೆ. ಮೂರನೇ ಭಾಗಕ್ಕೆಂದು ನಾವಿಬ್ಬರೂ ಅಷ್ಟು ಕಾದದ್ದು ಇದಕ್ಕೇನೋ? ಹಳೆಯ ಭಾಗಗಳಲ್ಲಿ ಆ ನಡೆದಾಡುವ ಹೆಣಗಳು ಕಾಲೆಳೆದುಕೊಂಡು ಬರುತ್ತಿದ್ದವು. ಬಂದೂಕಿಗೆ ಗುಂಡು ಸಾಲುತ್ತಿರಲಿಲ್ಲ. ಬಾಗಿಲಾಚೆ ಸದ್ದಾದರೆ ನೀನು ನನ್ನ ತೋಳು ಹಿಡಿಯುತ್ತಿದ್ದೆ. ಇದರಲ್ಲಿ ಬೀದಿನಾಯಿಗಳ ಹಾಗೆ ಓಡಿ ಬರುತ್ತವೆ, ಗುಂಡು ಬೇಕಾದಷ್ಟು, ಹೆದರಿಕೆಯೇ ಇಲ್ಲ. ಜೊತೆಗಾರ ಸತ್ತರೂ ಆಟ ನಿಲ್ಲುವುದಿಲ್ಲ. ನಿನಗೆ ಹಿಡಿಸಿರಬೇಕು.

ಸ್ಟೇಷನ್ ಹತ್ತಿರದ ಗೇಮ್ ಅಂಗಡಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವನೇ ನೀನು. ಅಪ್ಪ ಕೇಳಿದಾಗ ಮಾತ್ರ, "ಅಕ್ಕ ಒಬ್ಳೇ ಹೋಯ್ತಾಳೆ, ಹುಡುಗ್ರ ಜೊತೆ ಆಡ್ತಾಳೆ, ನಂಗೇನೂ ಗೊತ್ತಿಲ್ಲ" ಅಂದುಬಿಟ್ಟೆ. ಅಪ್ಪ "ನಾಳೆಯಿಂದ ಕಾಲೇಜ್‌ಗೆ ಹೋಗದ್ ಬ್ಯಾಡ ಕಣವ್ವ" ಅಂದಾಗಲೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾರನೆಯ ದಿನವೇ ಈ ಸೀಡಿ ಕೊಂಡುಕೊಂಡೆಯಂತೆ. ನಿನ್ನ ಗೆಳೆಯ ತಿಮ್ಮೇಶನೇ ಹೇಳಿದ.

ಮುರಿದು ಹಾಕಬೇಕೆನಿಸಿತು, ಕೈ ಬರಲಿಲ್ಲ. ಕಂಪ್ಯೂಟರ್ ಮೇಲೆಯೇ ಇಟ್ಟಿದ್ದೇನೆ, ಇನ್ನು ಬಚ್ಚಿಡುವ ಕಷ್ಟ ಬೇಡ.

ನಾನು ಗಂಡಸಿ ಊರಿನ ಸೋದರತ್ತೆಯ ಮನೆಗೆ ಹೊರಟಿದ್ದೇನೆ. ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿ ಪರೀಕ್ಷೆ ಬರೆಯುತ್ತೇನೆ, ಅತ್ತೆ ಒಪ್ಪಿದ್ದಾರೆ. ಅಮ್ಮನಿಗೆ ಗೊತ್ತು. ಅಪ್ಪನಿಗೆ ನಿಜ ಹೇಳುವುದು ನಿನಗೆ ಬಿಟ್ಟದ್ದು. ಹೇಳದೆ ಮಾತ್ರ ನನ್ನನ್ನು ನೋಡಲು ಬರಬೇಡ, ಬಾಗಿಲು ತೆಗೆಯುವುದಿಲ್ಲ.

ನಿನ್ನ ಅಕ್ಕ,
ಕೋಮಲ