ಹಾಸಿಗೆಯ ಮೇಲಿನ ಕೊಡೆ

ಕೆಳಮನೆಯ ನನ್ನ ನರ್ಸ್ ಖಾಲಾ,

ನಿಮ್ಮ ಮೇಲೆ ಶಾಂತಿ ಇರಲಿ, ನಿಮ್ಮ ಹೊಸ ಮಂಡಿಯ ಮೇಲೂ ಇರಲಿ.

ಫೋನ್ ಮಾಡಬಹುದಿತ್ತು. ಆದರೆ ನಿಮಗೆ ಫೋನ್ ಮಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ನಾನು "ಮಂಡಿ ಹೇಗಿದೆ?" ಎನ್ನುತ್ತೇನೆ, ನೀವು "ತಿಂಡಿ ಆಯ್ತು" ಎನ್ನುತ್ತೀರಿ. ನಾನು ಇನ್ನೂ ಜೋರಾಗಿ ಕಿರುಚುತ್ತೇನೆ. ನಮ್ಮ ಮನೆಯವರು ರಿಪೇರಿಗೆ ಬಿಚ್ಚಿಟ್ಟ ಕೈಗಡಿಯಾರದಿಂದ ಮುಖವೆತ್ತಿ, "ಫೋನ್ ಯಾಕೆ ಹಿಡ್ಕೊಂಡಿದ್ದೀಯ? ಸುಮ್ನೆ ಕಿಟಕಿ ತೆಗೆದು ಹೇಳು, ಆ ಊರಿಗೂ ಕೇಳತ್ತೆ" ಎನ್ನುತ್ತಾರೆ. ಇಪ್ಪತ್ತು ವರ್ಷ ಹೆಂಗಸರಿಗೆ ಕಾರು ಕಲಿಸಿ ಪಳಗಿದ ಗಂಟಲು ಇದು. ನಾನು "ಬ್ರೇಕ್!" ಎಂದರೆ ನಮ್ಮ ಕಾರಿನ ಜೊತೆ ಹಿಂದಿನ ಎರಡು ಕಾರುಗಳೂ ನಿಲ್ಲುತ್ತವೆ. ನಿಮ್ಮ ಕಿವಿಯ ಮುಂದೆ ಮಾತ್ರ ಅದು ಸೋತುಹೋಗಿದೆ. ಹಾಗಾಗಿ ಕಾಗದ.

ನಿಮ್ಮ ಚೀಟಿ ನಾಲ್ಕು ದಿನದ ಹಿಂದೆ ತಲುಪಿತು. ಹೆರಿಗೆ ವಾರ್ಡಿನಲ್ಲಿ ಬರೆಯುತ್ತಿದ್ದಂತೆಯೇ ಮೂರು ಸಾಲು. "ಮಂಡಿ ವಾಸಿ. ತಂಗಿ ಇಲ್ಲೇ ಇದ್ದುಬಿಡು ಅಂತಾಳೆ. ಮನೆ ಬಿಟ್ಟುಬಿಡಲಾ, ನೀನು ಹೇಳು." ಅಷ್ಟೇ. ಅದನ್ನು ಕಾರಿನ ಕನ್ನಡಿಗೆ ಸಿಕ್ಕಿಸಿಕೊಂಡು ನಾಲ್ಕು ದಿನ ಓಡಾಡಿದ್ದೇನೆ. ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ನಮ್ಮಿಬ್ಬರ ನಡುವೆ ಹೇಳದೆ ಉಳಿದಿರುವುದೊಂದು ಇದೆ. ಎದುರು ಕೂತು ಹೇಳಲು ನನಗೆ ನಾಚಿಕೆ, ಕೇಳಿಸಿಕೊಳ್ಳಲು ನಿಮಗೆ ಕಿವಿ ಇಲ್ಲ.

ಇದೆಲ್ಲ ಶುರುವಾದದ್ದು ಇಮಾಮ್ ಸಾಹೇಬರು ಶುಕ್ರವಾರದ ಪ್ರವಚನದಲ್ಲಿ ನೆರೆಯವರ ಹಕ್ಕಿನ ಬಗ್ಗೆ ಮಾತಾಡಿದ ದಿನ. ನೆರೆಯವರ ಕಷ್ಟ ಅವರು ಬಾಯಿಬಿಡುವ ಮೊದಲೇ ನಮಗೆ ತಿಳಿಯಬೇಕು ಎಂದರು. ನನಗೆ ಮೈ ಜುಮ್ಮೆಂದಿತು. ಮನೆಗೆ ಬಂದವಳೇ ಯಾರಿಗೆ ಕಷ್ಟ ಇದೆ ಎಂದು ಹುಡುಕಿದೆ. ಕಿಟಕಿ ತೆಗೆದರೆ ಸಿಕ್ಕಿದವರು ನೀವು. ನಿಮ್ಮ ಹಾಸಿಗೆ ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು. ಮರುದಿನವೂ ಇತ್ತು. ಅದರ ಮರುದಿನವೂ ಇತ್ತು. ಎಪ್ಪತ್ತೆರಡು ವರ್ಷದ ಒಂಟಿ ಹೆಂಗಸು, ದಿನಾ ಒದ್ದೆಯಾಗುವ ಹಾಸಿಗೆ. ನಾನು ಲೆಕ್ಕ ಹಾಕಿದೆ. ಪಕ್ಕದಲ್ಲಿ ದಿಂಬೂ ಒಣಗುತ್ತಿತ್ತು, ಖಾಲಾ. ದಿಂಬು ಯಾಕೆ ಒದ್ದೆಯಾಗಬೇಕು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನನಗೆ ಬರಲಿಲ್ಲ. ದಯೆ ಉಕ್ಕಿ ಬರುವಾಗ ಬುದ್ಧಿ ದಾರಿ ಬಿಟ್ಟು ನಿಲ್ಲುತ್ತದೆ.

ಆ ಪೊಟ್ಟಣವನ್ನು ನಿಮ್ಮ ಬಾಗಿಲಲ್ಲಿ ಇಟ್ಟವಳು ನಾನೇ. ವಯಸ್ಸಾದವರು ಉಟ್ಟುಕೊಳ್ಳುವ ದೊಡ್ಡ ಡೈಪರುಗಳು, ಎರಡು ಡಜನ್, ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹೆಸರು ಹಾಕಲಿಲ್ಲ. ಆದರೆ ಇಮಾಮರ ಹೆಂಡತಿಗೆ ಹೇಳಿದೆ. ಗುಟ್ಟಾಗಿ ನಿಮಗೊಂದು ದುವಾ ಮಾಡಲಿ ಎಂದು. ಅವರು ಗುಟ್ಟಾಗಿಯೇ ಇನ್ನಿಬ್ಬರಿಗೆ ಹೇಳಿದರು. ಎರಡು ವಾರದಲ್ಲಿ ಮಸೀದಿಯ ಹೆಂಗಸರ ಸಾಲು ಪೂರ್ತಿ ನಿಮ್ಮ ಮೂತ್ರಕೋಶಕ್ಕಾಗಿ ಕೈಯೆತ್ತಿ ಬೇಡುತ್ತಿತ್ತು. ಆ ಸಾಲಿನಲ್ಲಿ ಅರ್ಧ ಜನರ ಮಕ್ಕಳನ್ನು ಮೊದಲು ಎತ್ತಿ ಹಿಡಿದ ಕೈ ನಿಮ್ಮದು. ನೀವು ಬಂದಾಗ ಎಲ್ಲರೂ ಎದ್ದು ಶೌಚಾಲಯದ ಹತ್ತಿರದ ಜಾಗ ಬಿಟ್ಟುಕೊಡುತ್ತಿದ್ದರು. ನೀವು ನಗುತ್ತ ಅಲ್ಲೇ ಕೂರುತ್ತಿದ್ದಿರಿ.

ನಿಜ ತಿಳಿದದ್ದು ನಿಮಗೆ ಜ್ವರ ಬಂದ ಬೆಳಿಗ್ಗೆ. ಹತ್ತು ವರ್ಷದಲ್ಲಿ ನಿಮ್ಮ ಮುಂದಿನ ಕೋಣೆ ದಾಟಿ ಒಳಗೆ ಬಂದದ್ದು ಅದೇ ಮೊದಲು. ಮಲಗುವ ಕೋಣೆಯ ಬಾಗಿಲು ತಳ್ಳಿ ನೋಡಿದರೆ ನಿಮ್ಮ ತಲೆಯ ಮೇಲೆ ಒಂದು ಕಪ್ಪು ಕೊಡೆ. ಬಿಚ್ಚಿದ ಕೊಡೆ. ದಿನಾ ಹಾಸಿಗೆ ಒಣಗಿಸಿ ಸಾಕಾಗಿ, ಅದರ ಹಿಡಿಯನ್ನು ಮಂಚದ ತಲೆಗಂಬಿಗೆ ಆಸ್ಪತ್ರೆಯ ಬ್ಯಾಂಡೇಜಿನಿಂದ ಅಚ್ಚುಕಟ್ಟಾಗಿ ಕಟ್ಟಿದ್ದಿರಿ. ಅದರ ಅಂಚಿನಿಂದ ನೀರು ಒಂದೊಂದೇ ಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತಿತ್ತು. ಛಾವಣಿಯ ಮೂಲೆಯಲ್ಲಿ ದೊಡ್ಡ ಕಂದು ಕಲೆ.

ಆ ಮೂಲೆಯ ಮೇಲೆ ನಮ್ಮ ಮನೆಯಲ್ಲಿ ಏನಿದೆ ಎಂದು ಹೊಳೆಯಲು ನನಗೆ ಒಂದು ನಿಮಿಷ ಹಿಡಿಯಿತು. ಬಚ್ಚಲಿನ ಮುಂದೆ ಬೆಳಿಗ್ಗೆ ಜಗಳ ಬೇಡವೆಂದು ನಾವು ಹಿಂದಿನ ಕೋಣೆಯಲ್ಲಿ ನಮಾಜಿಗೆ ಮುಂಚಿನ ವುಜೂ ಮಾಡಲು ಒಂದು ನಲ್ಲಿ, ಒಂದು ಕಲ್ಲಿನ ಪೀಠ ಹಾಕಿಸಿಕೊಂಡಿದ್ದೆವು. ಹಾಕಿಸಿದ ದಿನ ನೀವೇ ಮೇಲೆ ಬಂದು "ಚೆನ್ನಾಗಿದೆ" ಎಂದು ಹರಸಿ ಹೋಗಿದ್ದಿರಿ. ನಾನು ಕೈಕಾಲು ತೊಳೆಯುವುದು ಆನೆ ಕೆರೆಗಿಳಿದ ಹಾಗೆ ಎಂದು ಮನೆಯವರು ಮೊದಲಿಂದಲೂ ಹೇಳುತ್ತಿದ್ದರು. ದಿನಕ್ಕೆ ಐದು ಸಲ, ಹನ್ನೊಂದು ತಿಂಗಳು, ಆ ಆನೆ ನಿಮ್ಮ ದಿಂಬಿನ ಮೇಲೆ ಮಿಂದಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಯಾಕೆ ಹೇಳ್ಲಿಲ್ಲ ಖಾಲಾ?" ಎಂದು ಕೂಗಿದೆ. ನೀವು ಕಿವಿಯ ಯಂತ್ರ ಸಿಕ್ಕಿಸಿಕೊಂಡು, ನನ್ನಿಂದ ಇನ್ನೊಂದು ಸಲ ಕೂಗಿಸಿ, ಆಮೇಲೆ ನಿಧಾನಕ್ಕೆ ಹೇಳಿದಿರಿ. "ಹೇಳೋದೇನಿದೆ? ಮಲಗುವಾಗ ಯಂತ್ರ ತೆಗೆದಿಡ್ತೀನಿ. ನಂಗೆ ಆಜಾನ್ ಕೇಳ್ಸಲ್ಲ, ಅಲಾರಂ ಕೇಳ್ಸಲ್ಲ. ನೀನು ಬೆಳಗಿನ ಜಾವ ನಲ್ಲಿ ತಿರುಗಿಸ್ತೀಯ, ಹಣೆ ಮೇಲೆ ಟಪ್ ಅಂತ ಹನಿ ಬೀಳತ್ತೆ, ನಾನು ಎದ್ದು ನಮಾಜ್ ಮಾಡ್ತೀನಿ. ಈಗ ರಿಪೇರಿ ಗಿಪೇರಿ ಅಂತ ಶುರು ಮಾಡಿ ನನ್ನ ನಮಾಜ್ ತಪ್ಪಿಸ್ಬೇಡ, ನೋಡು."

ನಾನು ನಂಬಿದೆ. ಅತ್ತುಬಿಟ್ಟೆ. ನನ್ನ ಸೋರುವ ನಲ್ಲಿಯಿಂದ ಒಬ್ಬರ ನಮಾಜು ನಡೆಯುತ್ತಿದೆಯಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ಅದನ್ನೂ ಮನ್ನಿಸಿ.

ಆದರೆ ಹಾಗೇ ಬಿಡಲಾಗುತ್ತದೆಯೇ? ಅದೇ ದಿನ ನಲ್ಲಿ ರಿಪೇರಿಯವನನ್ನು ಕರೆಸಿದೆ. ಅವನು ನಮ್ಮ ನೆಲಕ್ಕೆ ಕಿವಿಯಿಟ್ಟು, ಬೆರಳಿನಿಂದ ಕುಟ್ಟಿ, ದೊಡ್ಡ ಡಾಕ್ಟರ ಹಾಗೆ ನಿಟ್ಟುಸಿರು ಬಿಟ್ಟು, "ಹಳೇ ಕಾಯಿಲೆ ಅಮ್ಮಾ, ಇಷ್ಟು ದಿನ ಕೆಳಗಿನವರು ಸುಮ್ನಿದ್ರಾ? ಎಂಥಾ ಜನ!" ಎಂದ. ಎಂಥಾ ಜನ ಎಂದು ನಾನು ಅವನಿಗೆ ಅರ್ಧ ಗಂಟೆ ಹೇಳಿದೆ.

ಇನ್ನು ಉಳಿದದ್ದು ನಿಮ್ಮ ಮಾನ. ಕದ್ದು ಹಬ್ಬಿಸಿದ್ದನ್ನು ಬಹಿರಂಗವಾಗಿ ಸರಿಪಡಿಸಬೇಕೆಂದು ನಿರ್ಧರಿಸಿದೆ. ಮುಂದಿನ ಶುಕ್ರವಾರ ನಮಾಜು ಮುಗಿದ ಮೇಲೆ ಹೆಂಗಸರ ಸಾಲಿನಲ್ಲಿ ಎದ್ದು ನಿಂತೆ. ನೀವು ಯಂತ್ರ ತೆಗೆದಿಟ್ಟು ತಸ್ಬೀಹ್ ಮಣಿ ಎಣಿಸುತ್ತಿದ್ದಿರಿ, ಹಾಗಾಗಿ ಏನು ನಡೆಯಿತೆಂದು ನಿಮಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮಾತು ಸ್ಪಷ್ಟವಾಗಿರಲಿ ಎಂದು ಕಾರಿನ ದನಿಯಲ್ಲೇ ಹೇಳಿದೆ: "ಎಲ್ಲರೂ ಕೇಳಿ! ನಮ್ಮ ನರ್ಸ್ ಖಾಲಾ ಯಾವತ್ತೂ ಹಾಸಿಗೆ ಒದ್ದೆ ಮಾಡಿಲ್ಲ! ಒದ್ದೆ ಮಾಡಿದ್ದು ನಾನು! ದಿನಾ ಐದು ಸಲ! ಹನ್ನೊಂದು ತಿಂಗಳು!"

ಪರದೆಯಾಚೆ ಗಂಡಸರ ಕಡೆ ಯಾರೋ ಕೆಮ್ಮಿದರು. ನನ್ನ ಮನೆಯವರು ಚಪ್ಪಲಿ ಹುಡುಕುವ ನೆಪದಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಓಡಿದರಂತೆ. ಅಲ್ಲಿ ಕಟುಕರ ಅಂಗಡಿಯವರು ಅವರ ಭುಜ ತಟ್ಟಿ, "ಸಬರ್ ಇರಲಿ ಭಾಯಿ, ಎಲ್ಲರ ಮನೇಲೂ ಒಂದೊಂದು ಇರತ್ತೆ" ಎಂದರಂತೆ. ನಾನು ನಲ್ಲಿ, ಪೀಠ, ಛಾವಣಿ ಎಂದು ವಿವರಿಸಲು ಹೊರಟೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಇಮಾಮರ ಹೆಂಡತಿ ನನ್ನ ಕೈ ಹಿಡಿದು, "ಧೈರ್ಯ ಮೆಚ್ಚಿದೆ" ಎಂದು ಕಣ್ಣೊರೆಸಿಕೊಂಡರು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ ಇತ್ತು. ಸಂಜೆಗೆ ಎರಡಾಯಿತು. ನಮ್ಮ ಜಮಾತಿನಲ್ಲಿ ದಯೆಗೆ ಕೊರತೆಯಿಲ್ಲ, ಖಾಲಾ. ಸ್ವಲ್ಪ ವಿಚಾರಿಸುವ ಅಭ್ಯಾಸಕ್ಕೆ ಮಾತ್ರ ಇದೆ.

ಹನಿ ನಿಂತ ಮೇಲೆ ನಿಮ್ಮನ್ನು ಎಬ್ಬಿಸುವ ಹೊಣೆ ನನ್ನದಾಯಿತು. ನೀವು ಬೇಡ ಬೇಡ ಎನ್ನುತ್ತಲೇ ಬೀಗದ ಕೈ ಕೊಟ್ಟಿರಿ. ದಿನಾ ಬೆಳಗಿನ ಜಾವ ಹದಿನೆಂಟು ಮೆಟ್ಟಿಲಿಳಿದು ಬಂದು ನಿಮ್ಮ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸುತ್ತಿದ್ದೆ. ನೀವು ಎರಡು ಸಲ ಮುಲುಗಿ ಕಣ್ಣುಬಿಡುತ್ತಿದ್ದಿರಿ. ಇಬ್ಬರೂ ಪಕ್ಕಪಕ್ಕ ನಿಂತು ನಮಾಜು ಮಾಡಿ, ಒಂದೊಂದು ಲೋಟ ಚಹಾ ಕುಡಿದು, ಹೊರಗೆ ಬೆಳಕಾಗುವುದನ್ನು ನೋಡುತ್ತಿದ್ದೆವು. ಒಂದು ಮಾತು ಹೇಳಲೇ? ಅದಕ್ಕೆ ಮೊದಲು ನನ್ನ ಬೆಳಗಿನ ನಮಾಜು ಅರ್ಧ ನಿದ್ದೆಯಲ್ಲಿ ಮುಗಿಯುತ್ತಿತ್ತು, ವಾರಕ್ಕೆರಡು ತಪ್ಪುತ್ತಲೂ ಇತ್ತು. ಕೆಳಗೊಬ್ಬರು ನನ್ನನ್ನು ನಂಬಿ ಮಲಗಿದ್ದಾರೆಂದು ಗೊತ್ತಾದ ಮೇಲೆ ಒಂದೂ ತಪ್ಪಲಿಲ್ಲ.

ಒಂದು ದಿನ ಬಿಟ್ಟು. ಹಿಂದಿನ ದಿನ ಹದಿನಾಲ್ಕು ಜನರಿಗೆ ಲೈಸೆನ್ಸ್ ಪರೀಕ್ಷೆ ಮಾಡಿಸಿ ಸತ್ತ ಹಾಗೆ ಮಲಗಿದ್ದೆ. ಬಾಗಿಲು ಒಡೆದುಹೋಗುವಂತೆ ಬಡಿದ ಸದ್ದಿಗೆ ಎದ್ದೆವು. ತೆಗೆದರೆ ನೀವು. ಆ ಹಳೆಯ ಮಂಡಿಗಳಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ರಕ್ತದೊತ್ತಡ ನೋಡುವ ಯಂತ್ರ. "ಬದುಕಿದ್ದೀಯಾ?" ಎಂದು ಬೈದಿರಿ. "ಕಾದೆ ಕಾದೆ, ಬರ್ಲೇ ಇಲ್ಲ ನೀನು! ಎದೆ ಹೊಡ್ಕೊಳ್ತು ನಂಗೆ!"

ನಿಮ್ಮನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸುವಾಗ ಆ "ಕಾದೆ" ನನ್ನ ತಲೆಯೊಳಗೆ ಇಳಿಯಿತು. ನಿದ್ದೆಯಲ್ಲಿರುವವರು ಕಾಯುವುದಿಲ್ಲ. ನಲವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರಿಗೆ ಬೆಳಗಿನ ಜಾವ ಎದ್ದೇಳಲು ಇನ್ನೊಬ್ಬರು ಬೇಕೇ? ಆಮೇಲೆ ಉಳಿದದ್ದೂ ಹೊಳೆಯಿತು. ಅಷ್ಟು ಭದ್ರವಾಗಿ ಕೊಡೆ ಕಟ್ಟಿಕೊಂಡವರ ಹಣೆಯ ಮೇಲೆ ಹನಿ ಬೀಳುವುದಾದರೂ ಹೇಗೆ? ನಾನು ನಾಚಿಕೆಯಿಂದ ಸಾಯಬಾರದೆಂದು, ಜ್ವರದಲ್ಲಿ ಮಲಗಿದ್ದವರು ಅಷ್ಟು ಚೆಂದದ ಸುಳ್ಳನ್ನು ಅರೆ ನಿಮಿಷದಲ್ಲಿ ಕಟ್ಟಿದ್ದಿರಿ. ಆ ಪೊಟ್ಟಣ ಇಟ್ಟವಳು ನಾನೆಂದು ನಿಮಗೆ ಮೊದಲ ದಿನವೇ ಗೊತ್ತಿತ್ತು ಎಂದೂ ಈಗ ಅನುಮಾನ. ಗಂಟು ನೋಡಿದರೆ ಕೈ ಯಾರದೆಂದು ಹೇಳುವವರು ನೀವು.

ಆವತ್ತು ನಾನು ಏನೂ ಕೇಳಲಿಲ್ಲ. ಮರುದಿನ ಎಂದಿನಂತೆ ಬಂದು ಹೆಬ್ಬೆರಳು ಅಲ್ಲಾಡಿಸಿದೆ, ನೀವು ಎಂದಿನಂತೆ ಮುಲುಗಿದಿರಿ. ಆದರೆ ಆಗ ಸರಿಯಾಗಿ ನೋಡಿದೆ. ನಿಮ್ಮ ಅಂಗಿಯ ತೋಳಿನ ತುದಿ ಒದ್ದೆಯಾಗಿತ್ತು. ಕಿವಿಯ ಹಿಂದೆ ನೀರಿತ್ತು. ಎದ್ದು, ವುಜೂ ಮಾಡಿ, ಮತ್ತೆ ಹೊದ್ದು ಮಲಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನನ್ನನ್ನು ಕಾಯುತ್ತಿದ್ದಿರಿ, ಕಳ್ಳಿ ಖಾಲಾ! ಮಂಡಿಯ ಶಸ್ತ್ರಚಿಕಿತ್ಸೆಗೆಂದು ತಂಗಿಯ ಊರಿಗೆ ಹೊರಡುವ ದಿನದವರೆಗೂ ನಾವಿಬ್ಬರೂ ಹಾಗೇ ನಟಿಸಿದೆವು.

ಈಗ ನಿಮ್ಮ ಪ್ರಶ್ನೆ. ಮೊದಲ ದಿನ ಒಂದು ಘನವಾದ ಕಾಗದ ಬರೆದಿದ್ದೆ. ತಂಗಿಯ ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ, ಅಲ್ಲೇ ನೆಮ್ಮದಿಯಾಗಿರಿ, ನಮ್ಮ ಚಿಂತೆ ಬೇಡ ಎಂದು. ಮನೆಯವರು ಓದಿದರು, ಕನ್ನಡಕ ತೆಗೆದರು. "ಇದನ್ನ ಕಳಿಸ್ಬೇಡ. ಅವರಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ನಿಂಗೆ ಬರಲ್ಲ" ಎಂದರು. ಹರಿದುಹಾಕಿದೆ.

ಹಾಗಾದರೆ ನಿಜ ಇದು. ತಂಗಿಯ ಹಕ್ಕು ನನ್ನದಕ್ಕಿಂತ ದೊಡ್ಡದು. ಅಲ್ಲಿ ನಿಮ್ಮ ಮನಸ್ಸು ನಿಂತಿದ್ದರೆ ಇರಿ, ನಾನು ಅತ್ತು ಸುಮ್ಮನಾಗುತ್ತೇನೆ. ಆದರೆ ನಾನು ಹೇಳಬೇಕೆಂದು ನೀವೇ ಕೇಳಿದ್ದೀರಿ. ಬನ್ನಿ. ನಿಮಗೆ ನಾನು ಬೇಕಾಗಿರಲಿಲ್ಲ ಎಂದು ಗೊತ್ತು, ನನಗೆ ನೀವು ಬೇಕು. ಕರೆದುಕೊಂಡು ಬರಲು ಮುಂದಿನ ಭಾನುವಾರ ನಾನೇ ಹೊರಡಬಲ್ಲೆ. ತಂಗಿಗೆ ಬೇಸರವಾದರೆ ಅವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರೋಣ, ಒಂದು ತಿಂಗಳು ನಿಮ್ಮ ಜೊತೆ ಇದ್ದು ಹೋಗಲಿ. ಬರುವುದಾದರೆ ಚೀಟಿಯಲ್ಲಿ ಮೂರು ಸಾಲು ಬೇಡ, ಒಂದೇ ಪದ ಸಾಕು.

ಅಲ್ಲಾಹ್ ನಿಮ್ಮ ಹೆಜ್ಜೆ ಹಗುರ ಮಾಡಲಿ, ನಿಮ್ಮ ಬೆಳಗುಗಳನ್ನು ಹೆಚ್ಚಿಸಲಿ, ಅವುಗಳಲ್ಲಿ ಒಂದಿಷ್ಟನ್ನು ನನ್ನ ಪಾಲಿಗೆ ಬರೆಯಲಿ.

ನಿಮ್ಮ ತಲೆಯ ಮೇಲೆಯೇ ನಡೆದಾಡುವ,
ಮೇಲ್ಮನೆಯವಳು